ಕತ್ತಿಯ ಮೇಲಿನ ಕುಂಕುಮ ಒರೆಸಿ ನೋಡು

ಮಗಾ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ಕಿವಿಯಲ್ಲೇ ಇದೆ. ನಮ್ಮ ಮನೆಯ ಕತ್ತಿಯ ಫೋಟೋವನ್ನು ವಾಟ್ಸಾಪ್‌ನಲ್ಲಿ ನೋಡಿದ ಯಾರೋ ಬೆಂಗಳೂರಿನವರು, ‘ಇದು ಚಿತ್ರದುರ್ಗದ ದೊರೆ ಮದಕರಿ ನಾಯಕರ ಕತ್ತಿ ಅಂತ ಮನೆ ಹಿರಿಯರು ಒಂದು ಕಾಗದ ಬರೆದುಕೊಟ್ಟರೆ ಒಳ್ಳೆ ಬೆಲೆ ಬರುತ್ತೆ’ ಅಂದರಂತೆ. ‘ತಾತಾ, ಚಿಕ್ಕವನಿದ್ದಾಗ ನೀವೇ ಹಾಗಂತ ಹೇಳಿದ್ರಲ್ಲ, ಬರೆದುಕೊಡೋಕೇನು?’ ಅಂತ ಕೇಳಿದೆ. ಕೇಳಿದ್ದರಲ್ಲಿ ನಿನ್ನ ತಪ್ಪಿಲ್ಲ. ನಿನಗೆ ಅರ್ಧ ಹೇಳಿ ಇನ್ನರ್ಧ ಉಳಿಸಿಕೊಂಡವನು ನಾನು. ಆ ಉಳಿದರ್ಧ ಹೇಳುವುದಕ್ಕೇ ಈ ಕಾಗದ.

ಪ್ರತಿ ಆಯುಧಪೂಜೆಗೆ ಅಟ್ಟದಿಂದ ಇಳಿಸಿ, ಅರಿಶಿನ ಕುಂಕುಮ ಹಚ್ಚಿ, ತುದಿಗೆ ನಿಂಬೆಹಣ್ಣು ಚುಚ್ಚಿ, ಕೈಮುಗಿದು ಮತ್ತೆ ಬಟ್ಟೆಯಲ್ಲಿ ಸುತ್ತಿ ಮೇಲಿಡುವುದು ನಮ್ಮ ಮನೆಯ ಪದ್ಧತಿ. ನನಗೆ ಮೂವತ್ತು ದಾಟಿದ ವರ್ಷ, ಹೊಳಲ್ಕೆರೆಯ ಮನೆಯ ಪಡಸಾಲೆಯಲ್ಲಿ ಕೂತು ಅದನ್ನು ಚೆನ್ನಾಗಿ ಬೆಳಗಿಬಿಡೋಣ ಅಂತ ಹುಣಸೆಹಣ್ಣು, ಬೂದಿ ತಗೊಂಡು ತಿಕ್ಕಿದೆ. (ಹಾಗೆ ಮಾಡಬಾರದಿತ್ತು. ಹುಳಿ ಕಬ್ಬಿಣವನ್ನು ತಿನ್ನುತ್ತದೆ. ನೀನು ಎಂದೂ ಮಾಡಬೇಡ.) ಹಿಡಿ ಮುಗಿದು ಅಲಗು ಶುರುವಾಗುವ ಕಡೆ ಎಣ್ಣೆ, ಕುಂಕುಮ ಸೇರಿ ಮರದ ತೊಗಟೆಯ ಹಾಗೆ ಕಟ್ಟಿತ್ತು. ಅದು ಕಿತ್ತು ಬಂದ ಜಾಗದಲ್ಲಿ ಉಗುರಿನಷ್ಟು ದೊಡ್ಡ ಒಂದು ಕಿರೀಟ, ಅದರ ಕೆಳಗೆ ಎರಡು ಇಂಗ್ಲಿಷ್ ಅಕ್ಷರ ಕಂಡವು.

ಎದೆ ಧಸಕ್ ಅಂದಿತು. ಆದರೂ ಬರೀ ಅಕ್ಷರ ನೋಡಿ ತೀರ್ಪು ಕೊಡುವ ಹಾಗಿಲ್ಲ. ಪಾಳೆಯಗಾರರ ಕಾಲದಲ್ಲೂ ಸಮುದ್ರದಾಚೆಯಿಂದ ಬಂದ ಅಲಗುಗಳಿಗೆ ಇಲ್ಲಿ ಹಿಡಿ ಕೂರಿಸುತ್ತಿದ್ದರು, ಅವಕ್ಕೆ ಫಿರಂಗಿ ಕತ್ತಿ ಅಂತಲೇ ಹೆಸರಿತ್ತು. ಹಾಗಾಗಿ ಆಯುಧ ಬಲ್ಲವರೊಬ್ಬರಿಗೆ ತೋರಿಸಿದೆ. ಅವರು ಕೈಯಲ್ಲಿ ಹಿಡಿದು ತೂಗಿ, ಬೆನ್ನು, ಬಾಯಿ, ಹಿಡಿಯ ಮೊಳೆ ಎಲ್ಲ ನೋಡಿ, ‘ಇದು ಕಾರ್ಖಾನೆ ಮಾಲು, ಮದಕರಿ ನಾಯಕರು ಹೋದ ಮೇಲೆ ಐವತ್ತು ವರ್ಷವಾದರೂ ಕಳೆದು ಮಾಡಿದ್ದು’ ಅಂದರು. ಮನೆಗೆ ಬಂದು ನಮ್ಮಪ್ಪನಿಗೆ ಹೇಳಿದೆ. ಎರಡು ದಿನ ಅವರು ನನ್ನ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ ತಾವೇ ಪೆಟ್ಟಿಗೆಯ ಅಡಿಯಿಂದ ಒಂದು ಹಳೇ ಕಡತ ತೆಗೆದು ಮುಂದಿಟ್ಟರು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಮಡಿಕೆ ಹಾಕಿ, ಬಳಪದಲ್ಲಿ ಬರೆದ ಕಪ್ಪು ಕಡತ. ಮೋಡಿ ಅಕ್ಷರ ಓದಬಲ್ಲ ಹಿರಿಯರೊಬ್ಬರನ್ನು ಹುಡುಕಿ ಓದಿಸಿದೆವು. ಸಾಲ, ರಾಗಿ, ಕಂದಾಯದ ಲೆಕ್ಕಗಳ ನಡುವೆ ನಮ್ಮ ಮುತ್ತಜ್ಜನ ಅಪ್ಪನ ಹೆಸರು, ಅದರ ಪಕ್ಕ ‘ಕಂದಾಚಾರ’ ಅನ್ನುವ ಮಾತು ಇತ್ತು.

ಈಗ ಆ ಮಾತಿಗೆ ಮೂಢನಂಬಿಕೆ ಅಂತ ಅರ್ಥ. ಆಗ ಹಾಗಲ್ಲ. ಮೈಸೂರು ಸಂಸ್ಥಾನದಲ್ಲಿ ಹೋಬಳಿ, ಠಾಣ್ಯ ಕಾಯುವ ಕಾಲಾಳು ಪಡೆಗೂ ಅದರ ಇಲಾಖೆಗೂ ಕಂದಾಚಾರ ಅಂತಲೇ ಹೆಸರು. ನಮ್ಮ ಹಿರಿಯ ಆ ಪಡೆಯ ಒಬ್ಬ ಸಿಪಾಯಿ. ಕತ್ತಿ ಅವನದು. ಅವನು ಸತ್ತ ಮೇಲೆ ಮಕ್ಕಳು, ಮೊಮ್ಮಕ್ಕಳು ಪೂಜೆ ಮಾಡಿದರು. ಯಾರೋ ಒಬ್ಬರು ಒಂದು ದಸರೆಯ ದಿನ ಭಕ್ತಿಯಿಂದ ‘ದುರ್ಗದ ಕತ್ತಿ’ ಅಂದಿರಬೇಕು. ಮುಂದಿನ ತಲೆಮಾರಿಗೆ ಅದು ‘ದೊರೆಯ ಕತ್ತಿ’ ಆಯಿತು, ನನ್ನ ಕಾಲಕ್ಕೆ ‘ಮದಕರಿ ನಾಯಕರ ಕತ್ತಿ’ ಆಗಿ ಬಂತು. ಯಾರೂ ಸುಳ್ಳು ಹೇಳಲಿಲ್ಲ ಮಗಾ, ಒಬ್ಬೊಬ್ಬರು ಒಂದೊಂದು ಹೆಜ್ಜೆ ಮುಂದೆ ಹೋದರು, ಅಷ್ಟೇ. ಆದರೆ ಇದೆಲ್ಲ ತಿಳಿದ ಮೇಲೂ ನಾನು ಕಾಗದ ಬರೆದುಕೊಟ್ಟರೆ ಅದು ಸುಳ್ಳು.

ಚಿತ್ರದುರ್ಗದ ಸುತ್ತ ಇಂಥ ಕತ್ತಿ, ಕಠಾರಿ, ಈಟಿ ಎಷ್ಟು ಮನೆಗಳಲ್ಲಿವೆಯೋ ಲೆಕ್ಕವಿಲ್ಲ. ಯಾರಾದರೂ ‘ನಾಯಕರದ್ದು’ ಅಂದಾಗ ನಾನು ಮೊದಲು ಕೇಳುವುದು, ಇದು ನಿಮ್ಮ ಮನೆಗೆ ಯಾವ ದಾರಿಯಲ್ಲಿ ಬಂತು ಅಂತ. 1779ರಲ್ಲಿ ಕೋಟೆ ಹೈದರ್ ಅಲಿಯ ಕೈಗೆ ಹೋಯಿತು. ಮದಕರಿ ನಾಯಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಇಪ್ಪತ್ತು ಸಾವಿರ ಬೇಡರನ್ನು ಇಲ್ಲಿಂದ ಎಬ್ಬಿಸಿ ಅಲ್ಲಿಗೆ ಸಾಗಿಸಿದರು ಅಂತ ಬಿ.ಎಲ್. ರೈಸ್ ಸಾಹೇಬರ ಗೆಜೆಟಿಯರ್ ಹೇಳುತ್ತದೆ. ಅರಮನೆಯ ಆಯುಧ ಗೆದ್ದವನ ಪಾಲು. ಇಪ್ಪತ್ತು ವರ್ಷ ಕಳೆದು, 1799ರ ಮೇ 4ರಂದು ಶ್ರೀರಂಗಪಟ್ಟಣವೂ ಬಿತ್ತು, ಅಲ್ಲಿದ್ದದ್ದು ಇಂಗ್ಲಿಷರ ಪಾಲಾಯಿತು. ಎರಡು ಸಲ ಸೂರೆ ಹೋದ ಮೇಲೆ ದೊರೆಯ ಸ್ವಂತ ಕತ್ತಿ ಹಳ್ಳಿಯ ಒಂದು ಮನೆಯ ಅಟ್ಟ ಸೇರಬೇಕಾದರೆ, ಅದನ್ನು ಯಾರೋ ಪ್ರಾಣದ ಹಂಗು ತೊರೆದು ಬಚ್ಚಿಟ್ಟು ತಂದಿರಬೇಕು. ಆಗಿರಬಾರದು ಅಂತಲ್ಲ. ಆದರೆ ತಂದವನ ಹೆಸರು, ಅವನು ಯಾರ ಮಗ, ಯಾವ ಊರಲ್ಲಿ ಇಳಿದ ಅನ್ನುವುದು ಆ ಮನೆಯವರ ಬಾಯಲ್ಲಿ ಇರಬೇಕಲ್ಲ?

ದಾರಿ ಗೊತ್ತಿರುವ ಕತ್ತಿಗೆ ಒಂದು ಉದಾಹರಣೆ ಕೊಡುತ್ತೇನೆ. ಶ್ರೀರಂಗಪಟ್ಟಣದ ಮೇಲೆ ಲಗ್ಗೆ ಹಾಕಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್, ಸ್ಕಾಟ್ಲೆಂಡಿನವನು. ಅದಕ್ಕೂ ಹಿಂದೆ ಅದೇ ಊರಲ್ಲಿ ಸುಮಾರು ನಾಲ್ಕು ವರ್ಷ ಸೆರೆಯಲ್ಲಿದ್ದವನು. ಟಿಪ್ಪುವಿನ ಮಲಗುವ ಕೋಣೆಯಲ್ಲಿ ಸಿಕ್ಕ ಕತ್ತಿಯನ್ನು ಸೈನ್ಯದವರು ಅವನಿಗೆ ಕೊಟ್ಟರು. ಕೊಟ್ಟದ್ದಕ್ಕೆ ಬರಹ ಇತ್ತು. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೊನಾಮ್ಸ್ ಹರಾಜಿನಲ್ಲಿ ಅದು ಒಂದು ಕೋಟಿ ನಲವತ್ತು ಲಕ್ಷ ಪೌಂಡಿಗೆ ಹೋಯಿತು. ಅಲಗಿನ ಕೆಲಸಕ್ಕೆ ಬೆಲೆ ಇಲ್ಲದಿಲ್ಲ, ಆದರೆ ಯಾರಿಂದ ಯಾರ ಕೈಗೆ ಬಂತು ಅನ್ನುವ ಕಾಗದಕ್ಕೆ ಸಿಕ್ಕ ಬೆಲೆ ದೊಡ್ಡದು. ನಿನ್ನ ಬೆಂಗಳೂರಿನವರು ನನ್ನಿಂದ ಕಾಗದ ಕೇಳುತ್ತಿರುವುದೂ ಅದಕ್ಕೇ.

ಇನ್ನೊಂದು ನೋಡು. ಅಫ್ಜಲ್ ಖಾನನನ್ನು ಕೊಲ್ಲಲು ಶಿವಾಜಿ ಬಳಸಿದ್ದೆನ್ನುವ ಹುಲಿಯುಗುರು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿತ್ತು. ಸಾತಾರದಲ್ಲಿ ರೆಸಿಡೆಂಟ್ ಆಗಿದ್ದ ಜೇಮ್ಸ್ ಗ್ರಾಂಟ್ ಡಫ್ ಎಂಬ ಸ್ಕಾಟ್ಲೆಂಡಿನವನ ಮನೆತನದಿಂದ ಅಲ್ಲಿಗೆ ಬಂದದ್ದು. ಶಿವಾಜಿಯದೇ ಅಂತ ಅದರ ಪೆಟ್ಟಿಗೆಯ ಮೇಲೆ ಬರೆದಿದೆ. ಮ್ಯೂಸಿಯಂನವರು ಮಾತ್ರ, ಇದೇ ಆ ಹುಲಿಯುಗುರು ಅಂತ ಖಚಿತಪಡಿಸಲು ಆಗುವುದಿಲ್ಲ ಎಂದು ನೇರವಾಗಿ ಹೇಳಿದರು. 2024ರಲ್ಲಿ ಅದನ್ನು ಸಾತಾರಕ್ಕೆ ತಂದಾಗ ಜನ ಸಾಲುಗಟ್ಟಿ ನೋಡಿದರು. ಅನುಮಾನ ಹೇಳಿದ್ದರಿಂದ ಶಿವಾಜಿಯ ಗೌರವಕ್ಕೇನೂ ಕುಂದು ಬರಲಿಲ್ಲ.

ಆ ಸ್ಕಾಟ್ಲೆಂಡಿನವರ ಸ್ವಂತ ಮನೆಯ ಕಥೆಯೂ ನಮ್ಮದರ ಹಾಗೇ ಇದೆ. ಸ್ಕೈ ದ್ವೀಪದ ಡನ್‌ವೆಗನ್ ಕೋಟೆಯಲ್ಲಿ ಮ್ಯಾಕ್ಲೌಡ್ ಮನೆತನದವರು ಒಂದು ಹಳೇ ರೇಷ್ಮೆ ಬಾವುಟ ಇಟ್ಟುಕೊಂಡಿದ್ದಾರೆ. ಯಕ್ಷಿಣಿ ಕೊಟ್ಟದ್ದು, ಯುದ್ಧದಲ್ಲಿ ಬಿಚ್ಚಿದರೆ ಗೆಲುವು ಅಂತ ಅವರ ನಂಬಿಕೆ. ಸುಮಾರು ನೂರು ವರ್ಷದ ಹಿಂದೆ ಮ್ಯೂಸಿಯಂನ ಪಂಡಿತರೊಬ್ಬರು ನೋಡಿ, ಇದು ಸಿರಿಯಾ ಕಡೆಯ ರೇಷ್ಮೆ ಇರಬೇಕು ಅಂದರು. ಮನೆತನದ ಯಜಮಾನರು, ನೀವು ಹಾಗೆ ನಂಬಿ, ನಮಗೆ ಯಕ್ಷಿಣಿಯೇ ಕೊಟ್ಟದ್ದು ಅಂದರಂತೆ. ಪಂಡಿತರು ತಲೆಬಾಗಿ ಸುಮ್ಮನಾದರು. ಅಲ್ಲಿಯ ರಾಜರಿಗೆ ಪಟ್ಟ ಕಟ್ಟುವ ಸ್ಕೋನ್ ಕಲ್ಲನ್ನು ಬೈಬಲ್ಲಿನ ಯಾಕೋಬ ತಲೆದಿಂಬು ಮಾಡಿಕೊಂಡ ಕಲ್ಲು ಅನ್ನುತ್ತಿದ್ದರು. ಪರೀಕ್ಷೆ ಮಾಡಿದ ಭೂವಿಜ್ಞಾನಿಗಳು ಅದು ಸ್ಕೋನ್ ಸುತ್ತಲ ಮರಳುಗಲ್ಲು ಅಂದರು. ಆದರೂ 2023ರ ಅದೇ ಮೇ ತಿಂಗಳಲ್ಲಿ ಚಾರ್ಲ್ಸ್ ದೊರೆಗೆ ಪಟ್ಟ ಕಟ್ಟುವಾಗ ಆ ಕಲ್ಲನ್ನೇ ಸಿಂಹಾಸನದ ಕೆಳಗೆ ಇಟ್ಟರು. ಕಥೆಯನ್ನೂ ಉಳಿಸಿಕೊಂಡರು, ಪರೀಕ್ಷೆಯ ಫಲವನ್ನೂ ಮುಚ್ಚಿಡಲಿಲ್ಲ. ನನಗೆ ಅದು ಮೆಚ್ಚಿಗೆಯಾಯಿತು.

ಇಷ್ಟು ಹೇಳಿ, ಕೋಟೆಯ ಕಿಂಡಿಯಲ್ಲಿ ನುಗ್ಗಿದ ಶತ್ರುಗಳನ್ನು ಒನಕೆಯಲ್ಲಿ ಹೊಡೆದ ಓಬವ್ವನ ವಿಷಯ ಬಿಟ್ಟರೆ ನೀನು ನನ್ನನ್ನು ಬಿಡುವುದಿಲ್ಲ.

ಓಬವ್ವನ ಒನಕೆ ಅಂತ ಹೇಳುವ ಒನಕೆಯನ್ನು ನಾನು ನನ್ನ ಆಯಸ್ಸಿನಲ್ಲಿ ಮೂರು ಮನೆಗಳಲ್ಲಿ ನೋಡಿದ್ದೇನೆ. ಒಂದನ್ನು ತೋರಿಸಿದ್ದು ದುರ್ಗದ ಹತ್ತಿರದ ಹಳ್ಳಿಯ ಒಬ್ಬ ಹುಡುಗ, ನಿನ್ನದೇ ವಯಸ್ಸು. ‘ಇದೇ ಸಾರ್, ಇದರಲ್ಲೇ ಹೊಡೆದದ್ದು’ ಅಂದ. ಕೈಗೆ ತಗೊಂಡೆ. ನಡುವೆ ಹಿಡಿಯುವ ಕಡೆ ಸವೆದು ಕನ್ನಡಿಯ ಹಾಗೆ ನುಣುಪಾಗಿತ್ತು. ಎಷ್ಟು ಹೆಂಗಸರ ಅಂಗೈ ಅಲ್ಲಿ ಸವೆದಿತ್ತೋ! ತುದಿಯ ಕಬ್ಬಿಣದ ಬಳೆ, ನಮ್ಮಜ್ಜಿ ಅಣಸು ಅನ್ನುತ್ತಿದ್ದಳಲ್ಲ, ಅದು ಮಾತ್ರ ಮರದಷ್ಟು ಹಳೆಯದಾಗಿ ಕಾಣಲಿಲ್ಲ. ಒಳಗೆ ಅವನ ಅಜ್ಜಿ ಕೂತಿದ್ದರು, ಕಣ್ಣು ಅಷ್ಟಾಗಿ ಕಾಣದು. ‘ಅವ್ವಾ, ಈ ಅಣಸು ಯಾವಾಗ ಹಾಕಿಸಿದ್ದು?’ ಅಂದೆ. ‘ಅದು ನಮ್ಮತ್ತೆ ಹಾಕ್ಸಿದ್ದಪ್ಪ. ಮೊದಲಿನ ಒನಕೆ ಗೆದ್ದಲು ತಿಂದು ಹೋಯ್ತು, ಇದನ್ನ ಕಡಿಸಿ ಇಟ್ರು’ ಅಂದರು. ‘ಮತ್ತೆ ಓಬವ್ವಂದು ಅಂತಾನಲ್ಲ ನಿಮ್ಮ ಮೊಮ್ಮಗ?’ ಅಂದೆ. ಆ ಅಜ್ಜಿ ಹೇಳಿದ್ದನ್ನು ನಾನು ಅವತ್ತೇ ಬರೆದಿಟ್ಟುಕೊಂಡೆ: ‘ಓಬವ್ವ ಕುಟ್ಟಿದ್ದು ಅಂತ ನಾನೆಲ್ಲಂದೆ? ಓಬವ್ವನ ಹೆಸರು ಹೇಳಿ ಇಟ್ಕೊಂಡಿದ್ದು ಅಂದೆ. ಒನಕೆ ಇಲ್ದಿದ್ರೆ ಅವ್ವನ್ನ ಯಾರು ನೆನೀತಾರೆ?’

ಅಜ್ಜಿಗೆ ತನ್ನ ಹತ್ತಿರ ಇರುವುದೇನು ಅಂತ ನೂರಕ್ಕೆ ನೂರು ಗೊತ್ತಿತ್ತು. ಮೊಮ್ಮಗನಿಗೆ ಬರುವಷ್ಟರಲ್ಲಿ ಅರ್ಥ ಜಾರಿಹೋಗಿತ್ತು. ಒಂದೇ ಮನೆ, ಒಂದೇ ಪಡಸಾಲೆ, ಎರಡು ತಲೆಮಾರು.

ಓಬವ್ವನ ಕಥೆ ಹೇಳುವವರಿಗೆ ನಾನು ಮೆಲ್ಲಗೆ ಒಂದು ಪ್ರಶ್ನೆ ಹಾಕುತ್ತೇನೆ. ಇದನ್ನು ನೀವು ಕೇಳಿದ್ದು 1972ಕ್ಕೆ ಮೊದಲೋ ಆಮೇಲೋ? ಆ ವರ್ಷ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಂತು, ತ.ರಾ.ಸು. ಕಾದಂಬರಿಗಳಿಂದ ಮಾಡಿದ ಸಿನಿಮಾ. ಅದರಲ್ಲಿ ಜಯಂತಿ ಓಬವ್ವನಾದರು. ಆ ಹಾಡು, ಆ ಕಣ್ಣು, ಆ ಕಿಂಡಿಯ ಕತ್ತಲು ನಮ್ಮೆಲ್ಲರ ತಲೆಯಲ್ಲಿ ಹೇಗೆ ಕೂತಿತೆಂದರೆ, ‘ನಮ್ಮಜ್ಜಿ ಹೇಳಿದ್ದು’ ಅಂತ ಜನ ಈಗ ಹೇಳುವುದರಲ್ಲಿ ಎಷ್ಟೋ ಪಾಲು ಆ ಪರದೆಯ ಮೇಲಿನದು. ಸಿನಿಮಾ ದೊಡ್ಡ ಕೆಲಸ ಮಾಡಿತು, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೂ ಮೊದಲು ಊರ ಹೆಂಗಸರು ಹೇಳಿಕೊಂಡು ಬಂದ ಮಾತು ಬೇರೆ. ಗಂಡ ಉಣ್ಣಲು ಕೂತದ್ದು, ಇವಳು ತಣ್ಣೀರು ದೋಣಿಗೆ ನೀರಿಗೆ ಹೋದದ್ದು, ಕಿಂಡಿಯಲ್ಲಿ ಪಿಸುಮಾತು ಕೇಳಿದ್ದು, ಉಣ್ಣುವವನನ್ನು ಎಬ್ಬಿಸದೆ ಒನಕೆ ತಗೊಂಡು ನಿಂತದ್ದು. ಇದನ್ನು ಸಿನಿಮಾ ನೋಡದೆ ಹೇಳಬಲ್ಲವರು ಇನ್ನು ಎಷ್ಟು ಜನ ಉಳಿದಿದ್ದಾರೆ? 2021ರಿಂದ ಸರ್ಕಾರ ನವೆಂಬರ್ 11ಕ್ಕೆ ಓಬವ್ವನ ಜಯಂತಿ ಮಾಡುತ್ತಿದೆ. ಆ ದಿನ ಹಾರ ಹಾಕುವುದರ ಜೊತೆಗೆ, ಎಂಬತ್ತು ದಾಟಿದ ಒಬ್ಬ ಅಜ್ಜಿಯ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಅದು ಓಬವ್ವನಿಗೆ ನಿಜವಾದ ಪೂಜೆ.

ಬಾಯಿಮಾತನ್ನು ನಾನು ಹಗುರವಾಗಿ ಕಾಣುತ್ತೇನೆ ಅಂದುಕೊಳ್ಳಬೇಡ. ಹಿರಿಯೂರಿನ ನಿನ್ನ ದೊಡ್ಡಜ್ಜಿ, ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಕೋಡಿ ಬಿದ್ದದ್ದನ್ನು ಅವರಪ್ಪ ಕಣ್ಣಾರೆ ನೋಡಿದ್ದರು ಅಂತ ಹೇಳುತ್ತಿದ್ದರು. ನೀವು ಮಕ್ಕಳೆಲ್ಲ ನಗುತ್ತಿದ್ದಿರಿ, ಅಷ್ಟು ದೊಡ್ಡ ಜಲಾಶಯ ಎಲ್ಲಾದರೂ ತುಂಬುವುದುಂಟೇ ಅಂತ. 1907ರಲ್ಲಿ ಕಟ್ಟಿ ಮುಗಿದ ಆ ಜಲಾಶಯ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷಕ್ಕೆ, ಮತ್ತೆ 130 ಅಡಿ ತುಂಬಿ ಕೋಡಿ ಹರಿಯಿತು. ಅವತ್ತು ದೊಡ್ಡಜ್ಜಿಯನ್ನು ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆವಲ್ಲ, ನೆನಪಿದೆಯಾ? ಅವರು ಏನೂ ಮಾತಾಡಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಜನರ ನಂಬಿಕೆಯನ್ನೂ ಹಾಗೇ ಹಗುರವಾಗಿ ಕಾಣಲಾರೆ. ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲಿ ಒಂದು ಬಂಡೆಗೆ ಜನ ‘ಅಕ್ಷರಗುಂಡು’ ಅನ್ನುತ್ತಿದ್ದರು. ಅದನ್ನು ತೊಳೆದ ನೀರಿಗೆ ರೋಗ ವಾಸಿ ಮಾಡುವ ಗುಣ ಇದೆ ಅಂತ ನಂಬಿದ್ದರು. 1892ರಲ್ಲಿ ಬಿ.ಎಲ್. ರೈಸ್ ಬಂದು ನೋಡಿದರೆ ಅದು ಅಶೋಕನ ಶಾಸನ. ನಂಬಿಕೆ ಬೇರೆಯೇ ಇತ್ತು, ನಿಜ ಅದಕ್ಕಿಂತ ಎಷ್ಟೋ ದೊಡ್ಡದಿತ್ತು. ಹಾಗಂತ ಆ ನಂಬಿಕೆಯನ್ನು ಹೀಗಳೆಯಲು ನನಗೆ ಮನಸ್ಸು ಬಾರದು. ಎರಡು ಸಾವಿರ ವರ್ಷದ ಅಕ್ಷರವನ್ನು ಓದಲು ಬಾರದ ಜನ ಅದನ್ನು ಒಡೆದು ಚಪ್ಪಡಿ ಮಾಡಿಕೊಳ್ಳಲಿಲ್ಲ.

ಹೊಸದುರ್ಗದ ನಿನ್ನ ಅತ್ತೆಯ ಮನೆಯಲ್ಲಿ ಎರಡು ಕರಿ ಗಾಜಿನ ಬಳೆ ಇವೆಯಲ್ಲ, ದುರ್ಗದ ರಾಣಿ ಕೊಟ್ಟದ್ದು ಅನ್ನುತ್ತಾರಲ್ಲ, ಅವುಗಳ ಬಗ್ಗೆಯೂ ಒಂದು ಮಾತು. ರಾಣಿ ಕೊಟ್ಟದ್ದಕ್ಕೆ ಏನೂ ಆಧಾರ ಇಲ್ಲ. ಆದರೆ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಒಂದು ಕಾಲಕ್ಕೆ ಗಾಜು ಕಾಯಿಸಿ ಬಳೆ ಮಾಡುತ್ತಿದ್ದರು. 1800–01ರಲ್ಲಿ ಈ ಸೀಮೆಯಲ್ಲೆಲ್ಲ ತಿರುಗಿದ ಫ್ರಾನ್ಸಿಸ್ ಬುಕಾನನ್, ಅವನೂ ಸ್ಕಾಟ್ಲೆಂಡಿನವನೇ, ಆ ಕೆಲಸವನ್ನು ಕಣ್ಣಾರೆ ನೋಡಿ ಬರೆದಿದ್ದಾನೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ, ಐದು ಬಣ್ಣದ ಬಳೆ ಅಲ್ಲಿ ಆಗುತ್ತಿತ್ತು. ಈಗ ಆ ಕುಲುಮೆಗಳಿಲ್ಲ. ಆ ಎರಡು ಬಳೆ ಮತ್ತೋಡಿನವೇ ಆಗಿದ್ದರೆ, ರಾಣಿಯ ಮಾತು ಬಿಟ್ಟರೂ ಅವು ಚಿನ್ನಕ್ಕಿಂತ ಹೆಚ್ಚು. ನಮ್ಮ ಸೀಮೆಯ ಕೈಗಳು ಮಾಡಿದ, ಇನ್ನು ಯಾರೂ ಮಾಡದ ವಸ್ತು ಅವು.

ಕಥೆಗಳು ಯಾಕೆ ಬೆಳೆಯುತ್ತವೆ ಅಂತ ಕೇಳಿದರೆ, ಎಲ್ಲವೂ ಭಕ್ತಿಯಿಂದಲೇ ಅಂತ ಹೇಳಲಾರೆ. ಬುಕಾನನ್ ತಿರುಗಿದ ಕಾಲಕ್ಕೇ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಮೋಜಣಿಗೆ ನಿಂತ. ಅವನ ಸಹಾಯಕರು, ಕಾವಲಿ ಬೋರಯ್ಯ, ಲಕ್ಷ್ಮಯ್ಯನವರಂಥ ವಿದ್ವಾಂಸರು, ಊರೂರಿನ ಕೈಫಿಯತ್ತು, ಅಂದರೆ ಹಳೇ ವೃತ್ತಾಂತ, ಬರೆಸಿಕೊಂಡರು. ನಮಗೆ ಅವು ದೊಡ್ಡ ಆಸ್ತಿ. ಆದರೆ ಹೊಸ ಸರ್ಕಾರದ ಮುಂದೆ ಕೂತು ತನ್ನ ಮನೆತನದ ಕಥೆ ಬರೆಸುವವನ ಮನಸ್ಸಿನಲ್ಲಿ ಇನಾಮು ಭೂಮಿಯ ಚಿಂತೆ ಇದ್ದೇ ಇರುತ್ತದೆ. ಭೂಮಿ ಉಳಿಸಿಕೊಳ್ಳಲು ಸುಳ್ಳು ತಾಮ್ರಶಾಸನವನ್ನೇ ಕೆತ್ತಿಸಿದವರೂ ಇದ್ದರು. ಶಿವಮೊಗ್ಗ ಸೀಮೆಯಲ್ಲಿ ಮಹಾಭಾರತದ ಜನಮೇಜಯನೇ ಕೊಟ್ಟ ದಾನ ಅನ್ನುವ ತಾಮ್ರಪಟಗಳು ಸಿಕ್ಕಿವೆ. ಲಿಪಿ, ಭಾಷೆ ನೋಡಿದ ವಿದ್ವಾಂಸರು ಅವನ್ನು ಕೂಟಶಾಸನ, ಅಂದರೆ ನಕಲಿ ಶಾಸನ, ಅಂದರು.

ಈಗಿನ ಕೂಟಶಾಸನ ಯಾವುದು ಗೊತ್ತಾ? ಒಂದು ಕಡೆ ರಾಮನ ಪಟ್ಟಾಭಿಷೇಕವೋ ಹನುಮಂತನೋ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818 ಅಂತ ಇಸವಿ ಇರುವ ತಾಮ್ರದ ನಾಣ್ಯ. ಕಂಪನಿ ಸರ್ಕಾರ ಅಂಥ ನಾಣ್ಯ ಹಾಕಲೇ ಇಲ್ಲ. ಅದು ಅಕ್ಕಿಕಾಳು ಎಳೆಯುತ್ತದೆ, ಕೋಟಿ ಬೆಲೆ ಅಂತ ‘ರೈಸ್ ಪುಲ್ಲಿಂಗ್’ ಹೆಸರಿನಲ್ಲಿ ಹಣ ಕೀಳುವವರಿದ್ದಾರೆ. ಅಜ್ಜಿಯ ತಾಮ್ರದ ಚೆಂಬಿಗೂ ಇದೇ ಕಥೆ ಕಟ್ಟುತ್ತಾರೆ. ನಾಯಕರು ನಿಧಿ ಹೂತಿದ್ದಾರೆ ಅನ್ನುವ ಮಾತು ನಂಬಿ ರಾತ್ರೋರಾತ್ರಿ ಹಳ್ಳಿಯ ಗುಡಿಯ ಬಸವಣ್ಣನನ್ನು ಕಿತ್ತು ಗುಂಡಿ ತೋಡಿದ ಜಾಗಗಳನ್ನು ನಾನೇ ನೋಡಿದ್ದೇನೆ. ಒಂದು ಕಡೆ ಬಸವಣ್ಣನ ಮುಖ ಒಡೆದು ಮಣ್ಣಿನಲ್ಲಿ ಬಿದ್ದಿತ್ತು. ಅವತ್ತು ಮನೆಗೆ ಬಂದು ಊಟ ಸೇರಲಿಲ್ಲ. ಆಧಾರವಿಲ್ಲದ ಮಾತು ಏನು ಮಾಡೀತು ಅನ್ನುವವರಿಗೆ ಆ ಗುಂಡಿ ತೋರಿಸಬೇಕು.

ಇನ್ನು ನೀನು ಮಾಡಬೇಕಾದ್ದು. ಆ ಬೆಂಗಳೂರಿನವರಿಗೆ ಕಾಗದ ಇಲ್ಲ ಅಂತ ಹೇಳು. ನೂರು ವರ್ಷ ದಾಟಿದ ವಸ್ತುವಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಇದೆ. ವ್ಯಾಪಾರ ಮಾಡುವವನಿಗೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಉಳುವಾಗ ಏನಾದರೂ ಸಿಕ್ಕರೆ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ, ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ 1878ರಿಂದಲೇ ಕಾನೂನಿದೆ. ದುರ್ಗದ ರಂಗಯ್ಯನ ಬಾಗಿಲಿನ ಮ್ಯೂಸಿಯಂನಲ್ಲಿ ಹಳೇ ಆಯುಧಗಳಿವೆ. ಒಂದು ಮಧ್ಯಾಹ್ನ ಅಲ್ಲಿ ಕಳೆದು, ಆಮೇಲೆ ನಮ್ಮ ಕತ್ತಿಯನ್ನು ನೋಡು, ಕಣ್ಣು ತಾನಾಗಿ ಕಲಿಯುತ್ತದೆ.

ಮತ್ತೆ ಒಂದು ನೋಟ್‌ಬುಕ್ ಇಡು. ಎಡಗಡೆ ಪುಟದಲ್ಲಿ ಕಣ್ಣಿಗೆ ಕಂಡದ್ದು ಬರೆ: ಉದ್ದ, ತೂಕ, ಗುರುತು, ಎಲ್ಲಿ ಸವೆದಿದೆ, ಎಲ್ಲಿ ಬೆಸುಗೆ ಇದೆ. ಬಲಗಡೆ ಪುಟದಲ್ಲಿ ಕಿವಿಗೆ ಬಿದ್ದದ್ದು: ಯಾರು ಹೇಳಿದರು, ಅವರಿಗೆ ಯಾರು ಹೇಳಿದ್ದರು, ಯಾವ ದಿನ, ಅವರ ಬಾಯಲ್ಲಿ ಬಂದ ಹಾಗೇ. ಬಲಗಡೆಯದನ್ನು ಎಡಗಡೆಗೆ ತರಬೇಡ, ಎಡಗಡೆ ಏನೋ ಕಂಡಿತು ಅಂತ ಬಲಗಡೆಯದನ್ನು ಹೊಡೆದುಹಾಕಲೂ ಬೇಡ. ನಮ್ಮ ಕತ್ತಿಯ ಎಡಪುಟದಲ್ಲಿ ‘ಕಿರೀಟದ ಗುರುತು, ಎರಡು ಅಕ್ಷರ, ಕಾರ್ಖಾನೆ ಅಲಗು’ ಅಂತ ಬರೆ. ಬಲಪುಟದಲ್ಲಿ ‘ಮದಕರಿ ನಾಯಕರದ್ದು ಅಂತ ತಾತನ ಅಪ್ಪ ಹೇಳುತ್ತಿದ್ದರು’ ಅಂತ ಬರೆ, ಅದರ ಕೆಳಗೆ ‘ಕಂದಾಚಾರದ ಸಿಪಾಯಿಯದು ಅಂತ ತಾತ ಹೇಳುತ್ತಾರೆ, ಕಡತ ನೋಡಿ’ ಅಂತಲೂ ಬರೆ.

ದಸರಾಕ್ಕೆ ಎರಡು ದಿನ ಮುಂಚೆಯೇ ಬಾ. ಅಳೆಯುವ ಟೇಪು, ಒಣ ಹತ್ತಿಬಟ್ಟೆ, ನಿನ್ನ ಒಳ್ಳೆ ಕ್ಯಾಮೆರಾ ಇರಲಿ. ಬರುವ ದಾರಿಯಲ್ಲಿ ಹಿರಿಯೂರಿನಲ್ಲಿ ಇಳಿದು ದೊಡ್ಡಜ್ಜಿಯ ಹತ್ತಿರ ಒಂದು ಹೊತ್ತು ಕೂತು ಬಾ. ಅವರಿಗೆ ತೊಂಬತ್ತೊಂದು.